ಒಂದು ಟಿಟ್ಟಿಭ ಗಟ್ಟಿ, ಇನ್ನೊಂದು ಪುಕ್ಕಲು: ಇದು ಹುಟ್ಟುಗುಣವೇ?

ಪ್ರಶ್ನೆ: ಕಾರಟಗಿ ಹತ್ತಿರ ನಮ್ಮ ಗದ್ದೆ ಇದೆ. ಬೇಸಿಗೆ ಭತ್ತ ಕಟಾವಾದ ಮೇಲೆ ಎರಡು ಜೋಡಿ ಟಿಟ್ಟಿಭ ಅಲ್ಲೇ ನೆಲದ ಮೇಲೆ ಮೊಟ್ಟೆ ಇಡುತ್ತವೆ. ರಸ್ತೆ ಬದಿಯ ಗೂಡಿನ ಹಕ್ಕಿ ನಾವು ತೀರಾ ಹತ್ತಿರ ಹೋಗುವ ತನಕ ಏಳುವುದಿಲ್ಲ. ಎದ್ದರೆ ಕಿರುಚುತ್ತಾ ತಲೆ ಮೇಲೇ ಬರುತ್ತದೆ. ಒಳಗಿನ ಗೂಡಿನದು ನಾವು ಬದು ದಾಟುವ ಮೊದಲೇ ಸದ್ದಿಲ್ಲದೆ ಎದ್ದು ಓಡುತ್ತದೆ. ಹೋದ ವರ್ಷವೂ ಹೀಗೇ ಇತ್ತು. ಹಕ್ಕಿಗಳಿಗೂ ನಮ್ಮ ಹಾಗೆ ಬೇರೆ ಬೇರೆ ಸ್ವಭಾವ ಇರುತ್ತದೆಯೇ? ಇದ್ದರೆ ಯಾವುದು ಒಳ್ಳೆಯದು? ಪುಕ್ಕಲು ಹಕ್ಕಿಗಳು ಬರಬರುತ್ತಾ ಇಲ್ಲವಾಗುತ್ತವೆಯೇ? ಸಿರುಗುಪ್ಪದ ನಮ್ಮ ಮಾವ, ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಒಂದೇ ಮೊಟ್ಟೆ ಇಡುತ್ತದೆ ಅನ್ನುತ್ತಾರೆ. ಟಿಟ್ಟಿಭಕ್ಕೆ ನಾಲ್ಕು, ಅದಕ್ಕೆ ಒಂದೇ ಯಾಕೆ? ಇನ್ನೊಂದು ಮಾತು, ಉಳುಮೆ ಸಮಯಕ್ಕೆ ಮೊಟ್ಟೆ ಇನ್ನೂ ಇದ್ದರೆ ಎತ್ತಿ ಬದುವಿನ ಮೇಲೆ ಇಡಬಹುದೇ?

ಉತ್ತರ: ಹಕ್ಕಿಗಳಿಗೆ ಸ್ವಭಾವ ಇರುತ್ತದೆ. ಅದರ ಬಗ್ಗೆ ಈಗ ತಕರಾರು ಉಳಿದಿಲ್ಲ. ಆದರೆ ನಿಮ್ಮ ಗದ್ದೆಯ ಎರಡು ಗೂಡುಗಳಲ್ಲಿ ಕಂಡದ್ದು ಸ್ವಭಾವವೇ ಅನ್ನಲು ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ. ಮೊದಲು ಆ ತೊಡಕುಗಳನ್ನು ಹೇಳಿಬಿಡುತ್ತೇನೆ. ಹಕ್ಕಿ ನೋಡುವವರು ಜಾಸ್ತಿ ಜಾರುವುದು ಇಲ್ಲೇ.

ಟಿಟ್ಟಿಭದಲ್ಲಿ ಗಂಡು, ಹೆಣ್ಣು ಎರಡೂ ಸರದಿಯಂತೆ ಕಾವು ಕೂರುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಬೆಳಿಗ್ಗೆ ಅಲುಗಾಡದೆ ಕೂತದ್ದು ಒಂದು, ಸಂಜೆ ಓಡಿದ್ದು ಇನ್ನೊಂದು ಆಗಿರಬಹುದು. ಹೋದ ವರ್ಷದ ಹಕ್ಕಿಯೇ ಈ ವರ್ಷವೂ ಬಂದಿದೆ ಎಂದು ಖಾತ್ರಿಯಾಗಿ ಹೇಳಬೇಕಾದರೆ ಕಾಲಿಗೆ ಬಣ್ಣದ ಉಂಗುರ ತೊಡಿಸಿರಬೇಕು. ಅಧ್ಯಯನ ಮಾಡುವವರು ಅದಕ್ಕೇ ಉಂಗುರದ ಗೊಡವೆಗೆ ಹೋಗುತ್ತಾರೆ.

ಎರಡನೆಯದು ಮೊಟ್ಟೆಯ ವಯಸ್ಸು. ಟಿಟ್ಟಿಭದ ಮೊಟ್ಟೆ ಒಡೆಯಲು ಸುಮಾರು ನಾಲ್ಕು ವಾರ ಬೇಕು. ಮೊದಲ ವಾರ ದೂರದಿಂದಲೇ ಎದ್ದು ಹೋಗುವ ಹಕ್ಕಿ ನಾಲ್ಕನೇ ವಾರದಲ್ಲಿ ನಿಮ್ಮ ಟೋಪಿಗೇ ಬಂದು ಹೊಡೆಯುವಷ್ಟು ಗಟ್ಟಿಯಾಗಬಹುದು. ಇಷ್ಟು ದಿನ ಕಾವು ಕೊಟ್ಟೆನಲ್ಲಾ ಎಂಬ ಮಮತೆಯಿಂದ ಹೀಗಾಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಅಧ್ಯಯನಕಾರರು ಹೇಳುವ ಕಾರಣ ಬೇರೆ. ಒಡೆಯುವ ಹಂತಕ್ಕೆ ಬಂದ ಮೊಟ್ಟೆ ಮರಿಯಾಗುವ ಸಾಧ್ಯತೆ ಜಾಸ್ತಿ. ಅದು ಹೋದರೆ ಮತ್ತೆ ಮೊಟ್ಟೆ ಇಡಲು ಉಳಿದಿರುವ ಸಮಯ ಕಡಿಮೆ. ಹಾಗಾಗಿ ಕೊನೆಯ ವಾರದಲ್ಲಿ ಅಪಾಯ ಮೈಮೇಲೆ ಎಳೆದುಕೊಂಡರೂ ಲಾಭವಿದೆ. ನಿಮ್ಮ ಎರಡು ಗೂಡುಗಳು ಹತ್ತು ದಿನ ಹಿಂದೆಮುಂದೆ ಇದ್ದರೂ ಸಾಕು, ಒಂದು ಗಟ್ಟಿ, ಒಂದು ಪುಕ್ಕಲು ಅನ್ನಿಸಿಬಿಡುತ್ತದೆ.

ಮೂರನೆಯದು ಜಾಗ. ರಸ್ತೆ ಬದಿಯ ಹಕ್ಕಿ ದಿನಾ ಬೈಕು, ಟ್ರ್ಯಾಕ್ಟರ್, ಕುರಿಮಂದೆ ನೋಡುತ್ತದೆ. ಜನರಿಗೆ ಒಗ್ಗಿಕೊಂಡಿರುತ್ತದೆ ಎಂದು ಸುಮ್ನೆ ಬಿಟ್ಟುಬಿಡಬಹುದು. ಆದರೆ ಇಲ್ಲೊಂದು ಸ್ವಾರಸ್ಯ ಇದೆ. ಅರ್ಜೆಂಟೀನಾದಲ್ಲಿ ನೆಲದ ಬಿಲದಲ್ಲಿ ಗೂಡು ಮಾಡುವ ಗೂಬೆಗಳಿವೆ. ಮನುಷ್ಯ ಎಷ್ಟು ಹತ್ತಿರ ಬಂದಾಗ ಪ್ರತಿ ಗೂಬೆ ಹಾರುತ್ತದೆ ಎಂದು ಕರ್ರೇಟೆ ಮತ್ತು ತೆಲ್ಲಾ ಎಂಬ ವಿಜ್ಞಾನಿಗಳು ಮತ್ತೆ ಮತ್ತೆ ಅಳೆದರು. ಆ ಅಧ್ಯಯನ ಬಂದದ್ದು 2010ರಲ್ಲಿ. ಒಂದೊಂದು ಗೂಬೆಯದೂ ತನ್ನದೇ ದೂರ. ಆ ದೂರ ಅಷ್ಟಾಗಿ ಬದಲಾಗಲಿಲ್ಲ. ಇದನ್ನು ನೋಡಿ ಅವರು ಒಂದು ವಾದ ಮುಂದಿಟ್ಟರು: ಜನರ ನಡುವೆ ಇದ್ದು ಗೂಬೆ ಧೈರ್ಯ ಕಲಿಯುತ್ತದೆ ಅನ್ನುವುದಕ್ಕಿಂತ, ಧೈರ್ಯ ಇರುವ ಗೂಬೆಯೇ ಜನರ ಹತ್ತಿರದ ಜಾಗ ಆರಿಸುತ್ತದೆ. ನಿಮ್ಮ ರಸ್ತೆ ಬದಿಯ ಟಿಟ್ಟಿಭಕ್ಕೂ ಇದು ಅನ್ವಯಿಸಬಹುದು. ರಸ್ತೆಯಿಂದ ಅದು ಗಟ್ಟಿಯಾಯಿತೋ, ಗಟ್ಟಿ ಇದ್ದದ್ದಕ್ಕೆ ರಸ್ತೆ ಬದಿಗೆ ಬಂತೋ ಎಂದು ಬರೀ ನೋಡಿ ಹೇಳಲಾಗುವುದಿಲ್ಲ.

ಹಾಗಾದರೆ ಸ್ವಭಾವ ಇದೆ ಎಂದು ಅಷ್ಟು ಖಡಾಖಂಡಿತವಾಗಿ ಹೇಳುವುದು ಹೇಗೆ? ಇದರ ದೊಡ್ಡ ಆಧಾರ ನೆದರ್ಲೆಂಡ್ಸ್‌ನಿಂದ ಬಂದದ್ದು. ಅಲ್ಲಿ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿ ಇದೆ. ನಮ್ಮ ರಾಜ್ಯದ ಕಾಡುಗಳಲ್ಲಿರುವ ಬೂದು ಚೇಕಡಿಗೆ ಅದು ಹತ್ತಿರದ ನೆಂಟ. ಕಾಡಿನಿಂದ ಹಕ್ಕಿ ಹಿಡಿದು ತಂದು, ಒಂದು ರಾತ್ರಿ ಇರಿಸಿಕೊಂಡು, ಮಾರನೇ ಬೆಳಿಗ್ಗೆ ಒಂದು ಕೋಣೆಗೆ ಬಿಡುತ್ತಾರೆ. ಕೋಣೆಯಲ್ಲಿ ಮರದ ತುಂಡುಗಳಿಂದ ಮಾಡಿದ ಐದು ಕೃತಕ ಗಿಡ, ಅಷ್ಟೇ. ಮೊದಲ ಎರಡು ನಿಮಿಷದಲ್ಲಿ ಹಕ್ಕಿ ಎಷ್ಟು ಸಲ ಹಾರಿತು, ಕುಪ್ಪಳಿಸಿತು ಎಂದು ಎಣಿಸುತ್ತಾರೆ. ಆಮೇಲೆ ಅದನ್ನು ಕಾಡಿಗೇ ವಾಪಸ್ ಬಿಡುತ್ತಾರೆ. ಕೆಲವು ಹಕ್ಕಿಗಳು ಬಾಗಿಲು ತೆಗೆದ ಕೂಡಲೇ ಐದೂ ಗಿಡ ಸುತ್ತಿ ಬರುತ್ತವೆ. ಕೆಲವು ಒಂದೇ ಕೊಂಬೆಗೆ ಅಂಟಿಕೊಂಡು ಕೂರುತ್ತವೆ. ತಿಂಗಳುಗಳು ಕಳೆದು ಅದೇ ಹಕ್ಕಿ ಮತ್ತೆ ಸಿಕ್ಕಾಗಲೂ ಹೆಚ್ಚುಕಡಿಮೆ ಅದೇ ಚಾಳಿ. ಇನ್ನೊಂದು ಪರೀಕ್ಷೆಯಲ್ಲಿ ಪಂಜರದೊಳಗೆ ಒಂದು ಬ್ಯಾಟರಿ ಸೆಲ್, ಇನ್ನೊಮ್ಮೆ ಗುಲಾಬಿ ಬಣ್ಣದ ರಬ್ಬರ್ ಗೊಂಬೆ ಇಟ್ಟು ನೋಡಿದರು. ಕೋಣೆಯಲ್ಲಿ ಚುರುಕಾಗಿ ಸುತ್ತಿದವು ಗೊಂಬೆಯ ಹತ್ತಿರವೂ ಬೇಗ ಹೋದವು.

ಚುರುಕು ಎಂದರೆ ಜಾಣ ಎಂದುಕೊಳ್ಳಬೇಡಿ. ಚುರುಕು ಹಕ್ಕಿ ಒಮ್ಮೆ ಕಾಳು ಸಿಕ್ಕ ಜಾಗವನ್ನು ರೂಢಿ ಮಾಡಿಕೊಳ್ಳುತ್ತದೆ. ಕಾಳಿನ ಜಾಗ ಬದಲಾದರೂ ಹಳೆಯ ತಟ್ಟೆಗೇ ಹೋಗುತ್ತಿರುತ್ತದೆ. ನಿಧಾನದ ಹಕ್ಕಿ ಎಲ್ಲವನ್ನೂ ಕೂಲಂಕಷವಾಗಿ ನೋಡುತ್ತದೆ, ಬದಲಾವಣೆ ಬೇಗ ಹಿಡಿಯುತ್ತದೆ. ನಾವು ಪುಕ್ಕಲು ಎಂದು ಕರೆಯುವುದರಲ್ಲಿ ಇಂಥ ಗುಣಗಳೂ ಸೇರಿರುತ್ತವೆ.

ಇನ್ನು ಹುಟ್ಟುಗುಣದ ವಿಷಯ. ಪೀಟ್ ಡ್ರೆಂಟ್ ಮತ್ತು ಜೊತೆಗಾರರು ಚುರುಕಿನವನ್ನು ಚುರುಕಿನವುಗಳ ಜೊತೆಗೆ, ನಿಧಾನದವನ್ನು ನಿಧಾನದವುಗಳ ಜೊತೆಗೆ ಕೂಡಿಸಿ ನಾಲ್ಕು ತಲೆಮಾರು ಬೆಳೆಸಿದರು. ಎರಡು ಕವಲು ತಲೆಮಾರಿನಿಂದ ತಲೆಮಾರಿಗೆ ದೂರವಾಗುತ್ತಾ ಹೋದವು. 2003ರಲ್ಲಿ ಅವರು ಕೊಟ್ಟ ಲೆಕ್ಕದ ಪ್ರಕಾರ ಈ ಗುಣದ ವ್ಯತ್ಯಾಸದಲ್ಲಿ ಶೇ 54ರಷ್ಟು ವಂಶದಿಂದ ಬಂದದ್ದು. ಉಳಿದದ್ದು ಬೆಳೆದ ರೀತಿ, ಸಿಕ್ಕ ಆಹಾರ, ಅನುಭವ ಇತ್ಯಾದಿ. ಆದರೆ ಇದು ಆ ಹಕ್ಕಿಯ ಆ ಗುಣದ ಲೆಕ್ಕ. ಇದನ್ನೇ ಟಿಟ್ಟಿಭಕ್ಕೆ ಹೊಂದಿಸಬೇಡಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಯಾವುದು ಒಳ್ಳೆಯದು?

ಒಂದೇ ಸ್ವಭಾವ ಎಲ್ಲಾ ಕಾಲಕ್ಕೂ ಒಳ್ಳೆಯದಾಗಿದ್ದರೆ ಇನ್ನೊಂದು ಎಂದೋ ಅಳಿದುಹೋಗುತ್ತಿತ್ತು. ಎರಡೂ ಉಳಿದಿವೆ ಅಂದ ಮೇಲೆ ಏನೋ ಕಾರಣ ಇರಬೇಕು ಅಲ್ವಾ? ಡಿಂಗೆಮನ್ಸೆ ಮತ್ತು ತಂಡ ಅದೇ ಡಚ್ ಕಾಡಿನಲ್ಲಿ ಹುಡುಕಿದ್ದು ಇದನ್ನೇ. ಅಲ್ಲಿ ಬೀಚ್ ಎಂಬ ಮರ ಕೆಲವು ವರ್ಷ ಹೇರಳವಾಗಿ ಬೀಜ ಕೊಡುತ್ತದೆ, ಕೆಲವು ವರ್ಷ ಏನೂ ಇಲ್ಲ. ಚಳಿಗಾಲ ಕಳೆಯಲು ಈ ಹಕ್ಕಿಗಳಿಗೆ ಆ ಬೀಜ ಬಹಳ ಮುಖ್ಯ. 2004ರಲ್ಲಿ ಬಂದ ಅವರ ಫಲಿತಾಂಶ ಹೀಗಿತ್ತು. ಬೀಜ ಇಲ್ಲದ ಚಳಿಗಾಲದಲ್ಲಿ ಚುರುಕು ಹೆಣ್ಣುಗಳು ಚೆನ್ನಾಗಿ ಬದುಕಿದವು, ಬೀಜ ಹೇರಳವಾಗಿದ್ದಾಗ ನಿಧಾನದ ಹೆಣ್ಣುಗಳು. ಗಂಡುಗಳಲ್ಲಿ ಇದೆಲ್ಲ ತಿರುವುಮುರುವು! ಕಾರಣವನ್ನು ಅವರು ಪೈಪೋಟಿಯಲ್ಲಿ ಹುಡುಕಿದರು. ಬರದ ಚಳಿಗಾಲದಲ್ಲಿ ಕಾಳಿಗಾಗಿ ಕಚ್ಚಾಟ. ಹಿಂಡಿನಲ್ಲಿ ಹೆಣ್ಣುಗಳ ಸ್ಥಾನ ಕೆಳಗೆ, ಮುನ್ನುಗ್ಗುವವಕ್ಕೆ ಮಾತ್ರ ಕಾಳು. ಸಮೃದ್ಧಿಯ ವರ್ಷ ಎಲ್ಲವೂ ಬದುಕಿ ಉಳಿಯುತ್ತವೆ, ವಸಂತದಲ್ಲಿ ಗೂಡಿನ ಜಾಗಕ್ಕೆ ಗಂಡುಗಳ ನಡುವೆ ಜಗಳ ಜೋರಾಗುತ್ತದೆ. ಆಗ ಚುರುಕು ಗಂಡು ಗೆಲ್ಲುತ್ತದೆ.

ನೀವು ನಾಲೆ ನೀರಿನವರು, ಬೇಗ ಅರ್ಥವಾಗುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದಲ್ಲಿ, ಮಾನ್ವಿ ಕಡೆ, ಒಬ್ಬರು ನೀರು ಬಂದೇ ಬರುತ್ತದೆ ಎಂದು ಭತ್ತ ನಾಟಿ ಮಾಡುತ್ತಾರೆ, ಪಕ್ಕದವರು ಜೋಳ ಬಿತ್ತುತ್ತಾರೆ. ನೀರು ಬಂದ ವರ್ಷ ಭತ್ತದವರು ಗೆದ್ದರು, ಬಾರದ ವರ್ಷ ಜೋಳದವರು. ಊರಲ್ಲಿ ಎರಡೂ ಥರದ ಜನ ಉಳಿಯುತ್ತಾರೆ. ಆದ್ದರಿಂದ ಪುಕ್ಕಲು ಹಕ್ಕಿಗಳು ಬರಬರುತ್ತಾ ಅಳಿದುಹೋಗುತ್ತವೆ ಅನ್ನುವ ಭಯ ಬೇಡ. ವರ್ಷಗಳು ಒಂದೇ ಥರ ಇಲ್ಲದಿರುವ ತನಕ ಅವಕ್ಕೂ ಜಾಗ ಇದೆ.

ಟಿಟ್ಟಿಭದ ಗೂಡಿನಲ್ಲೂ ಹೀಗೇ ಯೋಚಿಸಿ ನೋಡಿ. ಒಳಗಿನ ಗೂಡಿನ ಹಕ್ಕಿ ಸದ್ದಿಲ್ಲದೆ ಓಡಿಹೋಗುವುದು ಹೇಡಿತನ ಅಲ್ಲ. ಅದರ ಮೊಟ್ಟೆ ನೋಡಿದ್ದೀರಲ್ಲ, ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ, ಚೂಪು ತುದಿ ಒಳಮುಖ, ಸುತ್ತ ಒಂದಷ್ಟು ಹರಳು. ಎರಡು ಮಾರು ದೂರದಲ್ಲಿ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ಹಕ್ಕಿ ಮೊದಲೇ ಎದ್ದು ಹೋದರೆ ನಾಯಿಗೆ ಗೂಡಿನ ಸುಳಿವು ಸಿಗುವುದಿಲ್ಲ. ಕೊನೆಯ ಗಳಿಗೆ ತನಕ ಕೂತು ಆಮೇಲೆ ಎದ್ದರೆ ಗೂಡು ಎಲ್ಲಿದೆ ಎಂದು ತಾನೇ ತೋರಿಸಿಕೊಟ್ಟ ಹಾಗೆ. ಅದೇ ಹಕ್ಕಿ ಮೇಯುತ್ತಾ ಬರುವ ಎಮ್ಮೆಯ ಮುಂದೆ ಮೊದಲೇ ಎದ್ದು ಹೋದರೆ ಮೊಟ್ಟೆ ಗೊರಸಿನಡಿ ಅಪ್ಪಚ್ಚಿ. ಅಲ್ಲಿ ಕೂತು ಕಿರುಚಿ ಎಮ್ಮೆಯ ಮುಖಕ್ಕೆ ಹಾರುವುದೇ ಸರಿ. ದನ ಓಡಾಡುವ ರಸ್ತೆ ಬದಿಗೆ ಒಂದು ಗುಣ, ನಾಯಿ ನರಿ ಸುಳಿಯುವ ಒಳಗದ್ದೆಗೆ ಇನ್ನೊಂದು.

ಮೊಟ್ಟೆಯ ಸಂಖ್ಯೆಗೆ ಬರೋಣ. ನಿಮ್ಮ ಮಾವ ಹೇಳಿದ್ದು ಸರಿ. ಎರೆಭೂತ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಕಾವು, ಮರಿ ಸಾಕುವುದು ಎಲ್ಲ ಹೆಣ್ಣಿನದೇ ಪಾಡು. ನಿಮ್ಮ ಕಡೆಯ ಕೌಜುಗ ಆರೋ ಎಂಟೋ ಇಡುತ್ತದೆ. ಟಿಟ್ಟಿಭ ಇವೆರಡರ ನಡುವೆ. ಇದರ ಹಿಂದಿನ ಲೆಕ್ಕ ಸರಳ. ಮೈಯಲ್ಲಿರುವ ಶಕ್ತಿ ಅಷ್ಟೇ. ಅದನ್ನು ಈ ವರ್ಷದ ಮರಿಗೆ ಸುರಿದರೆ ಮುಂದಿನ ವರ್ಷಕ್ಕೆ ತಾನು ಉಳಿಯುವುದು ಕಷ್ಟ. ಹೇಗೂ ಮುಂದಿನ ವರ್ಷದ ತನಕ ಬದುಕುವ ಭರವಸೆ ಕಡಿಮೆ ಇರುವ ಹಕ್ಕಿಗೆ ಈಗಲೇ ಹೆಚ್ಚು ಮೊಟ್ಟೆ ಇಡುವುದು ಲಾಭ. ದೊಡ್ಡದಾದ ಮೇಲೆ ಅಷ್ಟು ಸುಲಭವಾಗಿ ಸಾಯದ ಹಕ್ಕಿಗೆ ನಿಧಾನವೇ ಲಾಭ. ಇದರ ತುತ್ತತುದಿ ಸಮುದ್ರದ ಆಲ್ಬಟ್ರಾಸ್. ವಿಸ್ಡಮ್ ಎಂದು ಹೆಸರಿಟ್ಟ ಒಂದು ಲೇಸನ್ ಆಲ್ಬಟ್ರಾಸ್‌ಗೆ ಪೆಸಿಫಿಕ್‌ನ ಮಿಡ್‌ವೇ ದ್ವೀಪದಲ್ಲಿ 1956ರಲ್ಲಿ ಉಂಗುರ ತೊಡಿಸಿದ್ದರು. ಅದು 2024ರಲ್ಲೂ ಬಂದು ಮೊಟ್ಟೆ ಇಟ್ಟಿತು, ಒಂದೇ ಒಂದು.

ನಿಧಾನದ ಲೆಕ್ಕದಲ್ಲಿ ಒಂದು ದೊಡ್ಡ ಅಪಾಯ ಇದೆ. ಬೆಳೆದ ಹಕ್ಕಿಗಳು ಸಾಯತೊಡಗಿದರೆ ತುಂಬಿಕೊಳ್ಳಲು ದಾರಿಯೇ ಇಲ್ಲ. ಎರೆಭೂತದ ಕಥೆ ಇದೇ. ಬೇಟೆ, ಎರೆ ಹೊಲದ ಹುಲ್ಲುಗಾವಲು ಹೋದದ್ದು, ಈಗ ವಿದ್ಯುತ್ ತಂತಿ. ತಲೆಯ ಮುಂದೆ ನೇರ ಇರುವುದು ಅದಕ್ಕೆ ಚೆನ್ನಾಗಿ ಕಾಣುವುದಿಲ್ಲ, ಭಾರದ ಮೈ, ತಟ್ಟನೆ ತಿರುಗಲಾರದು. ದೇಶದಲ್ಲೇ 150ರ ಆಸುಪಾಸು ಉಳಿದಿವೆ ಅನ್ನುವ ಅಂದಾಜು. ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಕೌಜುಗಕ್ಕೆ ಒಂದು ಕೆಟ್ಟ ವರ್ಷ ಬಂದರೆ ಎರಡು ಒಳ್ಳೆ ವರ್ಷದಲ್ಲಿ ಸರಿಹೋಗುತ್ತದೆ. ಎರೆಭೂತಕ್ಕೆ ಹಾಗಿಲ್ಲ. ಸಿರುಗುಪ್ಪದ ಕಡೆ ಒಂದೇ ಹಕ್ಕಿ ಕಂಡರೂ ನಾವೆಲ್ಲ ಅಷ್ಟು ಸಂಭ್ರಮಪಡುವುದು ಅದಕ್ಕೇ.

ಮೊಟ್ಟೆಯ ಲೆಕ್ಕಕ್ಕೂ ಧೈರ್ಯಕ್ಕೂ ನಂಟಿದೆಯೇ? ಜಾತಿ ಜಾತಿಗಳ ನಡುವೆ ನೋಡಿದರೆ ಇದೆ. ಗಲಾಂಬೋರ್ ಮತ್ತು ಮಾರ್ಟಿನ್ 2001ರಲ್ಲಿ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅರಿಜೋನದ ಹಕ್ಕಿಗಳು ಹೆಚ್ಚು ಮೊಟ್ಟೆ ಇಡುತ್ತವೆ, ಬೇಗ ಸಾಯುತ್ತವೆ. ಅರ್ಜೆಂಟೀನಾದ ಅವುಗಳ ನೆಂಟರು ಕಡಿಮೆ ಮೊಟ್ಟೆ ಇಡುತ್ತವೆ, ಹೆಚ್ಚು ಕಾಲ ಬಾಳುತ್ತವೆ. ಎರಡೂ ಕಡೆ ಮರಿಗೆ ಗುಟುಕು ಕೊಡುವ ಸಮಯದಲ್ಲಿ ಗೂಡಿನ ಹತ್ತಿರ ಒಮ್ಮೆ ಮರಿ ಕದಿಯುವ ಜೇ ಹಕ್ಕಿಯನ್ನು, ಇನ್ನೊಮ್ಮೆ ಬೆಳೆದ ಹಕ್ಕಿಯನ್ನೇ ಹಿಡಿಯುವ ಗಿಡುಗವನ್ನು ತೋರಿಸಿದರು. ಗೂಡಿಗೆ ಬರುವುದನ್ನು ಎಷ್ಟು ಕಡಿಮೆ ಮಾಡುತ್ತವೆ ಎಂದು ಅಳೆದರು. ಅರಿಜೋನದವು ಜೇ ಕಂಡಾಗ ಹೆಚ್ಚು ಹಿಂಜರಿದವು, ಅಂದರೆ ಮರಿಯ ಗುಟ್ಟು ಕಾಪಾಡಿದವು. ಅರ್ಜೆಂಟೀನಾದವು ಗಿಡುಗ ಕಂಡಾಗ ಹೆಚ್ಚು ಹಿಂಜರಿದವು. ಮರಿ ಹಸಿದರೂ ಸರಿ, ತಾವು ಉಳಿಯಬೇಕು.

ಇದನ್ನೇ ಒಂದೇ ಜಾತಿಯೊಳಗಿನ ಹಕ್ಕಿಗಳಿಗೂ ಎಳೆದು, ಧೈರ್ಯದ ಹಕ್ಕಿ ಬೇಗ ಬೆಳೆದು, ಬೇಗ ಮರಿ ಮಾಡಿ, ಬೇಗ ಸಾಯುತ್ತದೆ, ಪುಕ್ಕಲು ಹಕ್ಕಿ ನಿಧಾನವಾಗಿ ಬಾಳುತ್ತದೆ ಅನ್ನುವ ಮಾತು ಈಗ ಎಲ್ಲಾ ಕಡೆ ಕೇಳುತ್ತದೆ. ಕೇಳಲು ಚೆನ್ನಾಗಿದೆ. ನಾನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಹಕ್ಕಿಗಳಷ್ಟೇ ಅಲ್ಲದೆ ಬೇರೆ ಪ್ರಾಣಿಗಳ ಅಧ್ಯಯನಗಳನ್ನೂ ಒಟ್ಟು ಹಾಕಿ ನೋಡಿದ 2018ರ ವಿಶ್ಲೇಷಣೆಯೊಂದರಲ್ಲಿ ಈ ನಂಟು ಬಹಳ ದುರ್ಬಲವಾಗಿ ಕಂಡಿತು. ಇನ್ನೊಂದು ಕಿತಾಪತಿಯೂ ಇದೆ. ಬಲೆಗೆ ಸುಲಭವಾಗಿ ಬೀಳುವುದೇ ಧೈರ್ಯದ ಹಕ್ಕಿ. ಹಂಗೇರಿಯಲ್ಲಿ ಕಾಲರ್ಡ್ ಫ್ಲೈಕ್ಯಾಚರ್ ಎಂಬ ಹಕ್ಕಿಯ ಮೇಲೆ ಇದನ್ನು ತೋರಿಸಿದ್ದಾರೆ. ದರೋಜಿ ಕರಡಿಧಾಮದಲ್ಲಿ ಕರಡಿಗೆಂದು ಬಂಡೆಗೆ ಬೆಲ್ಲ ಸವರಿದ ಕೂಡಲೇ ನವಿಲು, ಕೌಜುಗ ಎಲ್ಲ ಬರುತ್ತವಲ್ಲ, ಕ್ಯಾಮೆರಾ ಹಿಡಿದವರಿಗೆ ಸಿಗುವುದು ಆ ಮೊದಲು ಬಂದವು. ಪೊದೆಯೊಳಗೆ ಉಳಿದವುಗಳ ಲೆಕ್ಕ ಯಾರ ಹತ್ತಿರವೂ ಇಲ್ಲ.

ಧೈರ್ಯಕ್ಕೆ ಬೆಲೆ ಇದ್ದೇ ಇದೆ, ಆದರೆ ಅದನ್ನು ಒಂದೊಂದು ಕಡೆ ಒಂದೊಂದು ಥರ ತೆರಬೇಕಾಗುತ್ತದೆ. ಅಮೆರಿಕದ ಮೊಂಟಾನಾದಲ್ಲಿ ರೆನೀ ಡಕ್‌ವರ್ತ್ ನೋಡಿದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಬ್ಲೂಬರ್ಡ್‌ಗಳಿಗೆ ಗೂಡಿನ ಪೊಟರೆ ಸಿಗದಾದಾಗ ಜನ ಪೆಟ್ಟಿಗೆ ಕಟ್ಟಿಕೊಟ್ಟರು. ಪಶ್ಚಿಮದ ಬ್ಲೂಬರ್ಡ್‌ಗಳು ಹೊಸ ಜಾಗಗಳಿಗೆ ಹರಡಿ, ಅಲ್ಲಿ ಮೊದಲೇ ಇದ್ದ ಬೆಟ್ಟದ ಬ್ಲೂಬರ್ಡ್‌ಗಳನ್ನು ಓಡಿಸತೊಡಗಿದವು. ಮುಂಚೂಣಿಗೆ ಬಂದ ಗಂಡುಗಳು ಮಹಾ ಜಗಳಗಂಟರು. ಜಾಗ ಹಿಡಿಯುವುದರಲ್ಲಿ ಎತ್ತಿದ ಕೈ, ಮನೆ ನಡೆಸುವುದರಲ್ಲಿ ಇಲ್ಲ. ಹೆಂಡತಿ ಮಕ್ಕಳಿಗೆ ಗುಟುಕು ತರುವುದು ಕಡಿಮೆ. ಕೆಲವು ತಲೆಮಾರು ಕಳೆದು ಜಾಗ ಭದ್ರವಾದ ಮೇಲೆ ಅಲ್ಲಿ ಸಾಧು ಗಂಡುಗಳೇ ಹೆಚ್ಚಾದವು. ಕಿಕ್ಕಿರಿದ ಜಾಗದಲ್ಲಿ ಮೊಟ್ಟೆಯಿಟ್ಟ ತಾಯಂದಿರಿಗೆ ಮತ್ತೆ ಜಗಳಗಂಟ ಗಂಡುಮಕ್ಕಳು ಹುಟ್ಟುವುದು, ಅವು ಹೊಸ ಜಾಗ ಹುಡುಕಿ ಹೋಗುವುದು ಆಮೇಲಿನ ಅಧ್ಯಯನದಲ್ಲಿ ಗೊತ್ತಾಯಿತು.

ನಿಮ್ಮ ಗದ್ದೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಬೆಳಿಗ್ಗೆ ಬಿಸಿಲೇರುವ ಮೊದಲು, ದಿನಕ್ಕೆ ಒಮ್ಮೆ ಮಾತ್ರ. ಪ್ರತಿ ಸಲ ಒಂದೇ ಜಾಗದಿಂದ ಹೊರಡಿ, ಒಂದೇ ಅಂಗಿ, ಒಂದೇ ನಡಿಗೆ, ನೇರ ಗೂಡಿನ ಕಡೆಗೆ. ಹೊರಡುವ ಜಾಗ ಬದಲಾದರೆ ಹಕ್ಕಿ ಏಳುವ ದೂರವೂ ಬದಲಾಗುತ್ತದೆ. ಹಾಗಾಗಿ ಎರಡೂ ಗೂಡಿಗೆ ಒಂದೇ ದೂರದಿಂದ ಶುರು ಮಾಡಿ. ಹಕ್ಕಿ ಎದ್ದ ಕೂಡಲೇ ನಿಂತಲ್ಲೇ ಒಂದು ಕಲ್ಲಿಟ್ಟು ವಾಪಸ್ ಬನ್ನಿ. ಗೂಡಿನ ತನಕ ಹೋಗಬೇಡಿ. ಮರಿಗಳು ಹೊರಟುಹೋದ ಮೇಲೆ ಕಲ್ಲಿನಿಂದ ಗೂಡಿಗೆ ಹೆಜ್ಜೆ ಎಣಿಸಿದರಾಯಿತು. ಪ್ರತಿ ಕಲ್ಲಿಗೆ ತಾರೀಖು ಬರೆಯಿರಿ. ಆಮೇಲೆ ಎರಡೂ ಗೂಡಿನ ಒಂದೇ ವಯಸ್ಸಿನ ಮೊಟ್ಟೆಯ ದಿನಗಳನ್ನು ಹೋಲಿಸಿ. ಒಂದು ಗೂಡಿನದು 8, 12, 10 ಹೆಜ್ಜೆ, ಇನ್ನೊಂದರದು 45, 38, 50 ಬಂದರೆ ನಿಮ್ಮ ಅನುಮಾನಕ್ಕೆ ಬಲ ಬಂತು. ಒಂದೇ ಗೂಡಿನಲ್ಲಿ 10, 40, 22 ಎಂದು ಹಾರಾಡಿದರೆ ನೀವು ನೋಡಿದ್ದು ಸ್ವಭಾವವಲ್ಲ, ಅಥವಾ ಗಂಡ ಹೆಂಡತಿ ಇಬ್ಬರದೂ ಬೇರೆ ಬೇರೆ ಸ್ವಭಾವ!

ಮಧ್ಯಾಹ್ನ ಮಾತ್ರ ಹತ್ತಿರ ಹೋಗಲೇಬೇಡಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿನಲ್ಲಿ ಹಕ್ಕಿ ಗೂಡಿನ ಮೇಲೆ ನಿಲ್ಲುವುದು ಬಿಸಿ ಕೊಡಲಿಕ್ಕಲ್ಲ, ನೆರಳು ಕೊಡಲಿಕ್ಕೆ. ನಾಲೆಯಲ್ಲಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದನ್ನೂ ನೀವು ನೋಡಿರಬಹುದು. ಅದು ಸ್ವಲ್ಪ ಹೊತ್ತು ದೂರ ಉಳಿದರೆ ಸುಡುವ ಮಣ್ಣಿನ ಮೇಲೆ ಮೊಟ್ಟೆ ಬೆಂದುಹೋಗುತ್ತದೆ. ಕಾಗೆ ಸುತ್ತ ಇದ್ದಾಗಲೂ ಬೇಡ. ನೀವು ಎಲ್ಲಿ ಬಗ್ಗಿ ನೋಡುತ್ತೀರಿ ಎಂದು ಕಾಗೆ ನೋಡುತ್ತಿರುತ್ತದೆ.

ಮೊಟ್ಟೆ ಎತ್ತಿ ಬದುವಿನ ಮೇಲೆ ಇಡಬೇಡಿ. ಹಕ್ಕಿ ಬರುವುದು ಜಾಗ ಗುರುತಿಟ್ಟುಕೊಂಡು. ದೂರ ಇಟ್ಟ ಮೊಟ್ಟೆಯನ್ನು ಹುಡುಕಿಕೊಂಡು ಬರುತ್ತದೆ ಅನ್ನುವ ಭರವಸೆ ಇಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದನ್ನೂ 1972ರ ವನ್ಯಜೀವಿ ಕಾಯ್ದೆ ಬೇಟೆಯ ಲೆಕ್ಕಕ್ಕೇ ಸೇರಿಸಿದೆ. ಸುಲಭದ ದಾರಿ ಬೇರೆ ಇದೆ. ಟ್ರ್ಯಾಕ್ಟರ್ ಬರುವ ಹಿಂದಿನ ದಿನ ಗೂಡಿನಿಂದ ಐದಾರು ಹೆಜ್ಜೆ ಆಚೆ ನಾಲ್ಕು ಕಡೆ ಕಡ್ಡಿ ನೆಡಿ, ಡ್ರೈವರ್‌ಗೆ ತೋರಿಸಿ, ಅಷ್ಟು ಜಾಗ ಬಿಟ್ಟು ಉಳುಮೆ ಮಾಡಿಸಿ. ಕಡ್ಡಿ ಕುಳ್ಳಗಿರಲಿ, ಉದ್ದದ್ದಾದರೆ ಕಾಗೆ ಬಂದು ಕೂರುತ್ತದೆ. ಮರಿ ಮೊಟ್ಟೆಯಿಂದ ಬಂದ ಒಂದೆರಡು ದಿನದಲ್ಲೇ ಅಪ್ಪ ಅಮ್ಮನ ಹಿಂದೆ ಹೊರಟುಹೋಗುತ್ತದೆ. ನಾಲೆಗೆ ನೀರು ಬಿಡುವುದರೊಳಗೆ ಉಳಿದ ಆ ತುಂಡನ್ನೂ ಉಳಬಹುದು.